ಚಂದ್ರನಿಂದ ಮರಳಿದ ಮಾರುದನಿ

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬಾವಿಯ ಕಟ್ಟೆಯ ಮೇಲೆ ಬಗ್ಗಿ ಕೂಗಿ, ಆ ಕೂಗು ಮರಳುವುದನ್ನು ಕೇಳಿ ನಲಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಕೂಗಿಗೂ ಮಾರುದನಿಗೂ ನಡುವಿನ ಬಿಡುವು ನೀರು ಎಷ್ಟು ಕೆಳಗಿದೆ ಎಂಬುದನ್ನು ತಿಳಿಸುತ್ತದೆ. ಮರಳುವಾಗ ದನಿಯಲ್ಲಾದ ಬದಲಾವಣೆ ಬಾವಿಯ ಒಳಮೈ ಹೇಗಿದೆ ಎಂಬುದನ್ನು ತಿಳಿಸುತ್ತದೆ. ಇಂದಿನ ನನ್ನ ಮಾತು ಇದೇ ಬಗೆಯ ಒಂದು ಕೂಗನ್ನು ಕುರಿತದ್ದು. ರೇಡಿಯೊ ತರಂಗಗಳನ್ನು ಚಂದ್ರನತ್ತ ಕಳುಹಿಸಿ, ಅಲ್ಲಿಂದ ಮರಳಿದ ಮಾರುದನಿಯನ್ನು ಮೊದಮೊದಲು ಕೇಳಿಸಿಕೊಂಡವರು ಯಾರು, ಹೇಗೆ ಕೇಳಿಸಿಕೊಂಡರು, ಕೇಳಿಸಿಕೊಂಡ ಮೇಲೆ ಅದರಿಂದ ಏನನ್ನು ತಿಳಿದುಕೊಂಡರು ಎಂಬುದನ್ನು 1940ರಿಂದ 1964ರವರೆಗಿನ ಅವಧಿಗೆ ಸೀಮಿತಗೊಳಿಸಿ ಹೇಳುತ್ತೇನೆ. ಈ ಕಥೆಯನ್ನು ಸಾಮಾನ್ಯವಾಗಿ ದೊಡ್ಡ ಆಂಟೆನಾ, ಭಾರಿ ಟ್ರಾನ್ಸ್‌ಮಿಟರುಗಳ ಕಥೆಯಾಗಿ ಹೇಳುವುದುಂಟು. ಓದುತ್ತ ಹೋದಂತೆ ನನಗೆ ಮನವರಿಕೆಯಾದದ್ದು ಬೇರೆ. ಚಂದ್ರನನ್ನು ಮುಟ್ಟುವಷ್ಟು ಗಟ್ಟಿಯಾಗಿ ಕೂಗುವ ಬಲ ಎರಡನೆಯ ಮಹಾಯುದ್ಧದ ರೇಡಾರುಗಳಲ್ಲಿ ಆಗಲೇ ಇತ್ತು. ಮರಳಿ ಬರುವ ದನಿಯನ್ನು ಗದ್ದಲದೊಳಗಿಂದ ಹೆಕ್ಕಿ ಕೇಳಿಸಿಕೊಳ್ಳುವ ವಿದ್ಯೆ ಇರಲಿಲ್ಲ. ಆ ಕೇಳುವ ವಿದ್ಯೆ ಬೆಳೆದು ಬಂದ ಬಗೆಯೇ ನನ್ನ ವಿಷಯ.

ಮೊದಲು ಒಂದಿಷ್ಟು ಲೆಕ್ಕವನ್ನು ಮುಂದಿಡುವುದು ಅಗತ್ಯ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಬೆಳಕಿನ ವೇಗದಲ್ಲಿ ಸಾಗುವ ರೇಡಿಯೊ ತರಂಗ ಅಲ್ಲಿಗೆ ಹೋಗಿ ಮರಳಲು ಸುಮಾರು 2.56 ಸೆಕೆಂಡು ಹಿಡಿಯುತ್ತದೆ. ಇಂದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಆಂಟೆನಾದಿಂದ ಚಂದ್ರಯಾನ ನೌಕೆಗೆ ಆಜ್ಞೆ ಕಳುಹಿಸುವವರೂ ಉತ್ತರಕ್ಕಾಗಿ ಕಾಯಬೇಕಾದದ್ದು ಇದೇ ಎರಡೂವರೆ ಸೆಕೆಂಡು. ಆದರೆ ಬ್ಯಾಲಾಳಿಗೆ ಉತ್ತರ ಕೊಡಲು ಆ ತುದಿಯಲ್ಲೊಂದು ಟ್ರಾನ್ಸ್‌ಮಿಟರ್ ಇರುತ್ತದೆ; ನಾನು ಹೇಳುತ್ತಿರುವ ಕಾಲದಲ್ಲಿ ಅಲ್ಲಿದ್ದದ್ದು ಬರಿಯ ಕಲ್ಲು ಮಣ್ಣು. ಇಲ್ಲಿಂದ ಹೊರಟ ತರಂಗ ಹೋಗುತ್ತ ಹೋಗುತ್ತ ಹರಡಿಕೊಳ್ಳುತ್ತದೆ. ಆಕಾಶದಲ್ಲಿ ಬರಿಯ ಅರ್ಧ ಡಿಗ್ರಿ ಅಗಲ ಕಾಣುವ ಚಂದ್ರನಿಗೆ ಅದರ ಒಂದು ಚೂರು ಮಾತ್ರ ತಾಗುತ್ತದೆ. ತಾಗಿದ್ದರಲ್ಲಿ ನೂರಕ್ಕೆ ಸುಮಾರು 7 ಪಾಲು ಮಾತ್ರ ಪ್ರತಿಫಲಿಸುತ್ತದೆ. ಪ್ರತಿಫಲಿಸಿದ್ದು ಮರಳುವ ದಾರಿಯಲ್ಲಿ ಮತ್ತೆ ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ. ಹವ್ಯಾಸಿ ರೇಡಿಯೊದವರು ಬಳಸುವ 144 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, ಆಂಟೆನಾಗಳ ನೆರವನ್ನು ಬದಿಗಿಟ್ಟು ನೋಡಿದರೆ, ಹೋಗಿ ಬರುವುದರೊಳಗೆ ಆಗುವ ನಷ್ಟ ಸುಮಾರು 250 ಡೆಸಿಬೆಲ್. ಬಿಡಿಸಿ ಹೇಳುವುದಾದರೆ, ಕಳುಹಿಸಿದ ಶಕ್ತಿಯನ್ನು 1ರ ಮುಂದೆ 25 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಒಂದು ಪಾಲು ನಮ್ಮ ಕೈಗೆ ಸಿಗುತ್ತದೆ. ಈ ಒಂದು ಪಾಲು ಬಂದು ಬೀಳುವುದು ಮೌನದೊಳಕ್ಕಲ್ಲ. ರಿಸೀವರಿನ ಒಳಗಿನ ಬಿಡಿಭಾಗಗಳು ತಮ್ಮ ಬಿಸಿಯಿಂದಲೇ ಒಂದು ನಿರಂತರ ಮೊರೆತವನ್ನು ಹುಟ್ಟಿಸುತ್ತಿರುತ್ತವೆ. ಆಕಾಶಗಂಗೆಯಿಂದ ಬರುವ ರೇಡಿಯೊ ಮೊರೆತ ಅದರ ಜೊತೆ ಸೇರಿಕೊಳ್ಳುತ್ತದೆ.

ಇದಲ್ಲದೆ ಇನ್ನೊಂದು ಪ್ರಶ್ನೆಯೂ ಆಗ ಉಳಿದಿತ್ತು. ಭೂಮಿಯ ಮೇಲ್ವಾತಾವರಣದಲ್ಲಿರುವ ಅಯಾನುಗೋಳವು ಕಿರುತರಂಗಗಳನ್ನು ಕನ್ನಡಿಯ ಹಾಗೆ ಕೆಳಕ್ಕೆ ಹಿಂದಿರುಗಿಸುತ್ತದೆ ಎಂಬುದು 1920ರ ದಶಕದಲ್ಲೇ ಖಚಿತವಾಗಿತ್ತು. ದೂರದ ದೇಶಗಳ ಪ್ರಸಾರ ನಮ್ಮ ಮನೆಯ ರೇಡಿಯೊಗಳಿಗೆ ಬರುತ್ತಿದ್ದದ್ದೇ ಈ ಗುಣದಿಂದ. ಕಂಪನಾಂಕ ಹೆಚ್ಚಿದರೆ ತರಂಗ ಈ ಪದರವನ್ನು ಭೇದಿಸಿ ಆಚೆಗೆ ಹೋಗುತ್ತದೆ ಎಂದು ಸಿದ್ಧಾಂತ ಹೇಳುತ್ತಿತ್ತು. ಆಕಾಶಗಂಗೆಯ ರೇಡಿಯೊ ಮೊರೆತ ಒಳಗೆ ಬರುತ್ತಿರುವುದನ್ನು ಕಾರ್ಲ್ ಜಾನ್ಸ್ಕಿ 1930ರ ದಶಕದ ಆರಂಭದಲ್ಲಿ ಕಂಡಿದ್ದರಿಂದ ಹೊರಗಿನಿಂದ ಒಳಕ್ಕೆ ದಾರಿ ಇದೆ ಎಂಬುದೂ ತಿಳಿದಿತ್ತು. ಆದರೆ ಮನುಷ್ಯ ಕಳುಹಿಸಿದ ತರಂಗವೊಂದು ಹೊರಕ್ಕೆ ಹೋಗಿ, ಏನನ್ನೋ ಮುಟ್ಟಿ, ಮರಳಿ ಬಂದದ್ದನ್ನು ಯಾರೂ ತೋರಿಸಿರಲಿಲ್ಲ.

ತೋರಿಸಲು ಹೊರಟವರಲ್ಲಿ ಜಾನ್ ಡಿವಿಟ್ ಒಬ್ಬರು. ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಡಬ್ಲ್ಯೂ.ಎಸ್.ಎಂ. ಎಂಬ ಪ್ರಸಾರ ಕೇಂದ್ರದ ಮುಖ್ಯ ಎಂಜಿನಿಯರ್ ಆಗಿದ್ದ ಅವರು ಹವ್ಯಾಸಿ ರೇಡಿಯೊ ಪ್ರಿಯರೂ ಆಗಿದ್ದರು. ಅಯಾನುಗೋಳದಾಚೆಗೆ ತರಂಗ ಕಳುಹಿಸಿ ಚಂದ್ರನಿಂದ ಮರಳಿ ಪಡೆದರೆ ಮೇಲ್ವಾತಾವರಣವನ್ನು ಅಧ್ಯಯನ ಮಾಡಬಹುದು ಎಂಬ ಆಲೋಚನೆಯಿಂದ 1940ರ ಮೇ ತಿಂಗಳಲ್ಲಿ ತಾವೇ ಕಟ್ಟಿದ 138 ಮೆಗಾಹರ್ಟ್ಸ್ ಉಪಕರಣದಿಂದ ಪ್ರಯತ್ನಿಸಿದರು. ಮಾರುದನಿ ಬರಲಿಲ್ಲ. ರಿಸೀವರಿನ ಸೂಕ್ಷ್ಮತೆ ಸಾಲದಾಗಿತ್ತು. ಈ ಸೋಲನ್ನು ನಾನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ: ಆರು ವರ್ಷಗಳ ನಂತರ ಅವರು ಗೆದ್ದಾಗ ಬದಲಾಗಿದ್ದವುಗಳಲ್ಲಿ ಈ ಅಂಶ ಮುಖ್ಯವಾದದ್ದು.

ಯುದ್ಧ ಡಿವಿಟ್ ಅವರನ್ನು ಸೈನ್ಯಕ್ಕೆ ಕರೆತಂದಿತು. ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ ಅವರು ನ್ಯೂಜೆರ್ಸಿಯ ಕಡಲ ತೀರಕ್ಕೆ ಹತ್ತಿರದ ಕ್ಯಾಂಪ್ ಇವಾನ್ಸ್‌ನಲ್ಲಿದ್ದ, ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್‌ನ ಪ್ರಯೋಗಾಲಯದ ನಿರ್ದೇಶಕರಾದರು. 1944ರ ಸೆಪ್ಟೆಂಬರಿನಿಂದ ಲಂಡನ್ನಿನ ಮೇಲೆ ಬೀಳತೊಡಗಿದ ಜರ್ಮನಿಯ ವಿ-2 ಕ್ಷಿಪಣಿಗಳು ಸೇನಾ ಮುಖಂಡರನ್ನು ಬೆಚ್ಚಿಬೀಳಿಸಿದ್ದವು. ವಾತಾವರಣದ ಮೇಲ್ಗಡೆ ಹಾದು ಬರುವ ಇಂಥ ಅಸ್ತ್ರಗಳನ್ನು ರೇಡಾರಿನಿಂದ ಪತ್ತೆ ಹಚ್ಚಲು ಸಾಧ್ಯವೇ ಎಂದು ಪರಿಶೀಲಿಸುವಂತೆ ಯುದ್ಧ ಮುಗಿದ ಹೊತ್ತಿನಲ್ಲಿ ಡಿವಿಟ್ ಅವರಿಗೆ ಆದೇಶ ಬಂತು. ಪರೀಕ್ಷೆಗೆ ಹಾರಿಸಲು ಅವರ ಬಳಿ ಕ್ಷಿಪಣಿ ಇರಲಿಲ್ಲ, ಚಂದ್ರನಿದ್ದ. ಐದು ವರ್ಷಗಳ ಹಿಂದಿನ ಆಸೆಗೆ ಸರ್ಕಾರದ ಕೆಲಸವೇ ದಾರಿ ಮಾಡಿಕೊಟ್ಟಿತು. ರೋಮನ್ನರ ಚಂದ್ರದೇವತೆಯ ಹೆಸರಿನಿಂದ ಈ ಕಾರ್ಯವನ್ನು ಡಯಾನಾ ಯೋಜನೆ ಎಂದು ಕರೆದರು.

ಅವರು ಬಳಸಿದ ಸಾಮಗ್ರಿಯಲ್ಲಿ ಹೆಚ್ಚಿನದು ಯುದ್ಧದಿಂದ ಉಳಿದದ್ದು. ಎಸ್.ಸಿ.ಆರ್.-271 ಎಂಬ ರೇಡಾರಿನ ಎರಡು ಆಂಟೆನಾಗಳನ್ನು ಪಕ್ಕಪಕ್ಕ ಜೋಡಿಸಿ 64 ದ್ವಿಧ್ರುವಗಳ (ತರಂಗ ಕಳುಹಿಸುವ, ಹಿಡಿಯುವ ಲೋಹದ ಜೋಡಿ ಕಡ್ಡಿಗಳ) ಒಂದು ಚೌಕ ಮಾಡಿದರು. ಸ್ಪ್ರಿಂಗ್ ಮಂಚವನ್ನು ಎತ್ತಿ ನಿಲ್ಲಿಸಿದಂತೆ ಕಾಣುತ್ತಿದ್ದ ಅದರ ಒಂದೊಂದು ಬದಿಯೂ ಸುಮಾರು 12 ಮೀಟರ್. ಅದನ್ನು ಎಡಬಲಕ್ಕೆ ತಿರುಗಿಸಬಹುದಾಗಿತ್ತೇ ಹೊರತು ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಆದ್ದರಿಂದ ಚಂದ್ರ ಹುಟ್ಟುವಾಗ ಅಥವಾ ಮುಳುಗುವಾಗ, ಅಂದರೆ ದಿಗಂತದ ಹತ್ತಿರವಿರುವ ಸುಮಾರು 40 ನಿಮಿಷ ಮಾತ್ರ, ಪ್ರಯೋಗ ಮಾಡಬಹುದಾಗಿತ್ತು. ಕಂಪನಾಂಕ 111.5 ಮೆಗಾಹರ್ಟ್ಸ್, ಶಕ್ತಿ ಸುಮಾರು 3 ಕಿಲೋವ್ಯಾಟ್. ಪ್ರಸಾರ ಕೇಂದ್ರಗಳ ಲೆಕ್ಕದಲ್ಲಿ ಇದು ಸಣ್ಣ ಶಕ್ತಿಯೇ.

ಜಾಣ್ಮೆ ಇದ್ದದ್ದು ಕೇಳುವ ಕಡೆ. ಸಾಮಾನ್ಯ ರೇಡಾರು ಸೆಕೆಂಡಿನ ಲಕ್ಷಾಂಶಗಳಷ್ಟು ಚಿಕ್ಕ ಮಿಡಿತಗಳನ್ನು ಕಳುಹಿಸುತ್ತದೆ. ಮಿಡಿತ ಚಿಕ್ಕದಾದಷ್ಟೂ ಅದು ಹೆಚ್ಚು ಅಗಲದ ಕಂಪನಾಂಕ ಪಟ್ಟಿಯಲ್ಲಿ ಹರಡಿಕೊಳ್ಳುತ್ತದೆ. ಅದನ್ನು ಹಿಡಿಯಲು ರಿಸೀವರಿನ ಬಾಗಿಲನ್ನು ಅಗಲವಾಗಿ ತೆರೆಯಬೇಕು. ಬಾಗಿಲು ತೆರೆದಷ್ಟೂ ಗದ್ದಲ ಒಳನುಗ್ಗುತ್ತದೆ. ಡಯಾನಾ ತಂಡ ಇದನ್ನು ತಿರುಗಿಸಿತು. ಒಂದು ಸೆಕೆಂಡಿನ ಕಾಲು ಭಾಗದಷ್ಟು ದೀರ್ಘ ಮಿಡಿತಗಳನ್ನು ಕೆಲವು ಸೆಕೆಂಡಿಗೊಮ್ಮೆ ಕಳುಹಿಸಿ, ರಿಸೀವರಿನ ಬಾಗಿಲನ್ನು ಕೇವಲ 57 ಹರ್ಟ್ಸ್ ಅಗಲಕ್ಕೆ ಕಿರಿದು ಮಾಡಿತು. ಈ ರಿಸೀವರಿನ ಮೂಲ ಎಫ್.ಎಂ. ಪ್ರಸಾರದ ಜನಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರ ಕೆಲಸ. ಅವರು ಸಿಗ್ನಲ್ ಕೋರ್‌ನ ಸಲಹೆಗಾರರಾಗಿದ್ದರು. ಇಲ್ಲೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕ್ಯಾಂಪ್ ಇವಾನ್ಸ್ ಇದ್ದ ಜಾಗ ಹಿಂದೆ ಮಾರ್ಕೋನಿ ಕಂಪನಿಯ ಬೆಲ್ಮಾರ್ ನಿಲ್ದಾಣವಾಗಿತ್ತು. 1914ರ ಜನವರಿಯ ಒಂದು ಕೊರೆಯುವ ಚಳಿಯ ರಾತ್ರಿ ಇದೇ ಆರ್ಮ್‌ಸ್ಟ್ರಾಂಗ್, ಆಗಿನ್ನೂ ಇಪ್ಪತ್ತರ ಹರೆಯದವರು, ಮಾರ್ಕೋನಿ ಕಂಪನಿಯ ಡೇವಿಡ್ ಸಾರ್ನಾಫ್ ಜೊತೆ ಅಲ್ಲಿ ಕುಳಿತು ತಮ್ಮ ಹೊಸ ರಿಸೀವರಿನಲ್ಲಿ ಸಾಗರದಾಚೆಯ ಸಂಕೇತಗಳನ್ನು ಕೇಳಿಸಿಕೊಂಡಿದ್ದರು. ಮೂವತ್ತೆರಡು ವರ್ಷಗಳ ನಂತರ, ಅದೇ ಜನವರಿಯಲ್ಲಿ, ಅದೇ ಜಾಗದಲ್ಲಿ ಅವರ ರಿಸೀವರು ಚಂದ್ರನಿಗೆ ಕಿವಿಗೊಟ್ಟಿತು.

ಬಾಗಿಲನ್ನು ಅಷ್ಟು ಕಿರಿದು ಮಾಡಿದ ಮೇಲೆ ಹೊಸದೊಂದು ತೊಡಕು ಹುಟ್ಟಿತು. ಭೂಮಿ ಪೂರ್ವಕ್ಕೆ ತಿರುಗುತ್ತಿರುವುದರಿಂದ, ಚಂದ್ರ ಹುಟ್ಟುವಾಗ ನಾವು ಅವನತ್ತ ಸಾಗುತ್ತಿರುತ್ತೇವೆ, ಮುಳುಗುವಾಗ ಅವನಿಂದ ದೂರ ಸರಿಯುತ್ತಿರುತ್ತೇವೆ. ಹತ್ತಿರ ಬರುವ ರೈಲಿನ ಸಿಳ್ಳು ಏರುದನಿಯಲ್ಲಿ, ದೂರ ಹೋಗುವ ರೈಲಿನ ಸಿಳ್ಳು ಇಳಿದನಿಯಲ್ಲಿ ಕೇಳಿಸುವಂತೆ, ಮರಳಿದ ತರಂಗದ ಕಂಪನಾಂಕ ಸುಮಾರು 300 ಹರ್ಟ್ಸ್‌ವರೆಗೂ ಬದಲಾಗಿರುತ್ತದೆ. 57 ಹರ್ಟ್ಸ್ ಅಗಲದ ಬಾಗಿಲನ್ನು ತಪ್ಪು ಜಾಗದಲ್ಲಿ ತೆರೆದು ಕುಳಿತರೆ ಮಾರುದನಿ ಪಕ್ಕದಲ್ಲೇ ಹಾದು ಹೋದರೂ ತಿಳಿಯದು. ಆದ್ದರಿಂದ ಪ್ರತಿ ಸಲವೂ ಮೊದಲೇ ಲೆಕ್ಕ ಹಾಕಿ ರಿಸೀವರನ್ನು ಶ್ರುತಿ ಮಾಡಬೇಕಾಗಿತ್ತು. ಚಂದ್ರನಿಂದ ಎಷ್ಟು ಶಕ್ತಿ ಮರಳಬಹುದು ಎಂಬ ಮೂಲ ಲೆಕ್ಕವನ್ನು ಮಾಡಿದವರು ವಾಲ್ಟರ್ ಮ್ಯಾಕಫೀ ಎಂಬ ಆಫ್ರಿಕನ್ ಅಮೆರಿಕನ್ ಭೌತವಿಜ್ಞಾನಿ. ಆ ಲೆಕ್ಕವಿಲ್ಲದಿದ್ದರೆ ಈ ಉಪಕರಣ ಸಾಕೋ ಸಾಲದೋ ಎಂದು ಹೇಳುವುದೇ ಸಾಧ್ಯವಿರಲಿಲ್ಲ. ಆದರೂ ಸುದ್ದಿ ಲೋಕಕ್ಕೆ ತಿಳಿದಾಗ ಆ ವರದಿಗಳಲ್ಲಿ ಅವರ ಹೆಸರು ಬರಲಿಲ್ಲ. ಸಾರ್ವಜನಿಕ ಮನ್ನಣೆ ದೊರೆಯಲು ದಶಕಗಳೇ ಬೇಕಾದವು. ಇದು ಆಗಬಾರದಿದ್ದ ಅನ್ಯಾಯ ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

1946ರ ಜನವರಿ 10ರಂದು ಚಂದ್ರ ಹುಟ್ಟಿದ್ದು ನಡುಹಗಲಿಗೆ ಸ್ವಲ್ಪ ಮುಂಚೆ. 11 ಗಂಟೆ 58 ನಿಮಿಷಕ್ಕೆ, ಮಿಡಿತ ಹೊರಟ ಎರಡೂವರೆ ಸೆಕೆಂಡುಗಳ ನಂತರ, ಪರದೆಯ ಮೇಲಿನ ಗೆರೆ ಮೇಲಕ್ಕೆದ್ದಿತು. ಧ್ವನಿವರ್ಧಕದಲ್ಲಿ 180 ಹರ್ಟ್ಸ್‌ನ ತಗ್ಗು ಸ್ವರವೊಂದು ಕೇಳಿಸಿತು. ಆ ಗಳಿಗೆಯಲ್ಲಿ ಉಪಕರಣದ ಮುಂದಿದ್ದವರು ಹೆರಾಲ್ಡ್ ವೆಬ್ ಮತ್ತು ಹರ್ಬರ್ಟ್ ಕಾಫ್‌ಮನ್. ಡಿವಿಟ್ ಅಲ್ಲಿರಲಿಲ್ಲ, ಊಟಕ್ಕೆಂದು ಬೆಲ್ಮಾರ್‌ಗೆ ಹೋಗಿದ್ದರು.

ಸೈನ್ಯ ಇದನ್ನು ಕೂಡಲೇ ಪ್ರಕಟಿಸಲಿಲ್ಲ. ಹೊರಗಿನ ತಜ್ಞರು ನೋಡಿ ಒಪ್ಪಬೇಕೆಂದು ಮೇಲಧಿಕಾರಿಗಳು ಹಟ ಹಿಡಿದರು. ಜಾರ್ಜ್ ವ್ಯಾಲಿ ಮತ್ತು ಡೊನಾಲ್ಡ್ ಫಿಂಕ್ ಬಂದು ನಿಂತರು, ಚಂದ್ರ ಹುಟ್ಟಿದ, ಮಾರುದನಿ ಬರಲಿಲ್ಲ. ತಮಗೆ ಜೀವವೇ ಹೋದಂತಾಯಿತೆಂದು ಡಿವಿಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಅಷ್ಟರಲ್ಲಿ ಪಕ್ಕದ ರಸ್ತೆಯಲ್ಲಿ ಭಾರಿ ಲಾರಿಯೊಂದು ನೆಲ ನಡುಗಿಸುತ್ತ ಹಾದುಹೋಯಿತು, ಮಾರುದನಿಗಳು ಪರದೆಯ ಮೇಲೆ ಮೂಡಿದವು. ಕಂಪನಾಂಕವನ್ನು ಸ್ಥಿರವಾಗಿಡುವ ಒಳಗಿನ ಯಾವುದೋ ಕ್ರಿಸ್ಟಲ್ ಕಂಪಿಸದೆ ನಿಂತಿರಬೇಕು, ಇಲ್ಲವೇ ತಂತಿಯ ಜೋಡಣೆಯೊಂದು ಸಡಿಲವಾಗಿರಬೇಕು, ಲಾರಿಯ ಅಲುಗಾಟ ಅದನ್ನು ಸರಿಮಾಡಿತು ಎಂಬುದು ಅವರ ನಂಬಿಕೆ. ಜನವರಿ 24ರಂದು ಸುದ್ದಿ ಹೊರಬಿತ್ತು.

ಈಗ ಬುಡಾಪೆಸ್ಟ್‌ಗೆ ಬರೋಣ. ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಹೃದಯಂಗಮ ಅಧ್ಯಾಯ ಇದು. ಹಂಗೇರಿಯ ಜೋಲ್ತಾನ್ ಬಾಯ್ ವಿದ್ಯುದ್ದೀಪ ಮತ್ತು ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿದ್ದ ತುಂಗ್ಸ್‌ರಾಮ್ ಕಾರ್ಖಾನೆಯ ಸಂಶೋಧನಾಲಯದ ಮುಖ್ಯಸ್ಥರು. ಯುದ್ಧದ ಕಾಲದಲ್ಲಿ ತಮ್ಮ ದೇಶಕ್ಕಾಗಿ ರೇಡಾರು ಕಟ್ಟುತ್ತಿದ್ದ ಅವರ ತಂಡ 1944ರಲ್ಲೇ ಚಂದ್ರನ ಮಾರುದನಿಯ ಲೆಕ್ಕಾಚಾರ ನಡೆಸಿತ್ತು. ಬಾಂಬಿನ ದಾಳಿಗೆ ಹೆದರಿ ಪ್ರಯೋಗಾಲಯ ಊರು ಬಿಡಬೇಕಾಯಿತು. ಯುದ್ಧ ಮುಗಿದ ಮೇಲೆ ಸೋವಿಯತ್ ಸೈನ್ಯ ಯುದ್ಧ ಪರಿಹಾರದ ಲೆಕ್ಕದಲ್ಲಿ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಸಾಗಿಸಿತು. ಚಂದ್ರನಿಗಾಗಿ ಕಟ್ಟಿದ್ದ ಉಪಕರಣಗಳೂ ಹೋದವು. ಹಂಗೇರಿಯ ಹಣದ ಬೆಲೆ ದಿನದಿನಕ್ಕೆ ಕುಸಿದು, ಲೋಕ ಕಂಡ ಅತಿ ಭೀಕರ ಹಣದುಬ್ಬರದಲ್ಲಿ ನಾಡು ಮುಳುಗಿದ್ದ ಆ ತಿಂಗಳುಗಳಲ್ಲಿ ಬಾಯ್ ಮತ್ತು ಅವರ ಸಂಗಡಿಗರು ಎಲ್ಲವನ್ನೂ ಮೊದಲಿನಿಂದ ಮತ್ತೆ ಕಟ್ಟಿದರು.

ಅಮೆರಿಕದವರಿಗಿದ್ದಂಥ ಸ್ಥಿರವಾದ ಕಂಪನಾಂಕ, ಕಿರಿದಾದ ಬಾಗಿಲಿನ ರಿಸೀವರು ಬಾಯ್ ಅವರಿಗೆ ದಕ್ಕುವಂತಿರಲಿಲ್ಲ. ಅವರ ಲೆಕ್ಕದಂತೆ ಮಾರುದನಿ ಗದ್ದಲದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತಿತ್ತು. ಒಂದು ಸಲ ಕೇಳಿದರೆ ಏನೂ ತಿಳಿಯದು. ಸಾವಿರ ಸಲ ಕೇಳಿ ಎಲ್ಲವನ್ನೂ ಕೂಡಿಸಿದರೆ? ಗದ್ದಲ ಮನಬಂದಂತೆ ಒಮ್ಮೆ ಏರಿ ಒಮ್ಮೆ ಇಳಿಯುವುದರಿಂದ ಕೂಡಿಸಿದಾಗ ಅದರ ಏರಿಳಿತಗಳು ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತವೆ. ಮಾರುದನಿಯಾದರೋ ಪ್ರತಿ ಸಲವೂ ಅದೇ ಎರಡೂವರೆ ಸೆಕೆಂಡಿಗೆ ಬರುತ್ತದೆ, ಆದ್ದರಿಂದ ಕೂಡುತ್ತಲೇ ಹೋಗುತ್ತದೆ. ಸಾವಿರ ಸಲ ಕೂಡಿಸಿದರೆ ಗದ್ದಲಕ್ಕೆ ಹೋಲಿಸಿದಾಗ ಮಾರುದನಿಯ ಬಲ ಸಾವಿರದ ವರ್ಗಮೂಲದಷ್ಟು, ಅಂದರೆ ಸುಮಾರು 30 ಪಟ್ಟು, ಹೆಚ್ಚುತ್ತದೆ. ಗದ್ದಲದ ಹತ್ತರಲ್ಲಿ ಒಂದು ಪಾಲಾಗಿದ್ದದ್ದು ಗದ್ದಲದ ಮೂರು ಪಟ್ಟಾಗಿ ಎದ್ದು ಕಾಣುತ್ತದೆ.

ಇಂದು ಈ ಕೂಡಿಕೆಯನ್ನು ಕಂಪ್ಯೂಟರು ಕ್ಷಣದಲ್ಲಿ ಮಾಡುತ್ತದೆ. ಬಾಯ್ ಅವರ ಬಳಿ ಕಂಪ್ಯೂಟರು ಇರಲಿಲ್ಲ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನೀರಿಗೆ ವಿದ್ಯುತ್ ಹಾಯಿಸಿ ಜಲಜನಕವನ್ನು ಗಾಜಿನ ನಳಿಗೆಯಲ್ಲಿ ಹಿಡಿದದ್ದು ನಿಮಗೆ ನೆನಪಿರಬಹುದು. ಹಾಯ್ದ ವಿದ್ಯುತ್ತು ಹೆಚ್ಚಿದಷ್ಟೂ ನಳಿಗೆಯಲ್ಲಿ ಅನಿಲ ಹೆಚ್ಚು ಸೇರುತ್ತದೆ. ಆ ಅನಿಲ ತಾನಾಗಿ ಕರಗಿ ಹೋಗದು, ಮರೆತು ಹೋಗದು. ಬಾಯ್ ಅಂಥ ಹತ್ತು ನಳಿಗೆಗಳನ್ನು ಸಾಲಾಗಿ ಇಟ್ಟರು. ಸುತ್ತುವ ಸ್ವಿಚ್ ಒಂದು, ಮಿಡಿತ ಹೊರಟ ಕ್ಷಣದಿಂದ ಆರಂಭಿಸಿ, ರಿಸೀವರಿನಿಂದ ಬರುವ ವಿದ್ಯುತ್ತನ್ನು ಒಂದಾದ ಮೇಲೆ ಒಂದು ನಳಿಗೆಗೆ ಹಾಯಿಸುತ್ತಿತ್ತು. ಹೀಗೆ ಒಂದೊಂದು ನಳಿಗೆಯೂ ಕಾಲದ ಒಂದೊಂದು ತುಣುಕಿಗೆ ಮೀಸಲಾಯಿತು. ಮೂರು ಸೆಕೆಂಡಿಗೊಂದು ಮಿಡಿತದಂತೆ ಸುಮಾರು ಐವತ್ತು ನಿಮಿಷ ಕಾದ ಮೇಲೆ ಎಲ್ಲ ನಳಿಗೆಗಳಲ್ಲೂ ಗದ್ದಲದಿಂದ ಹುಟ್ಟಿದ ಅನಿಲ ಸರಿಸುಮಾರು ಸಮನಾಗಿರಬೇಕು. ಚಂದ್ರನ ಮಾರುದನಿಗೆ ಸಲ್ಲುವ ನಳಿಗೆಯಲ್ಲಿ ಮಾತ್ರ ಅದಕ್ಕಿಂತ ಹೆಚ್ಚಿರಬೇಕು. 1946ರ ಫೆಬ್ರುವರಿ 6ರಂದು ಹಾಗೆಯೇ ಆಯಿತು.

ಯಾರು ಮೊದಲಿಗರು ಎಂಬ ಪ್ರಶ್ನೆಗೆ ಡಯಾನಾ ತಂಡ ಎಂಬುದೇ ಉತ್ತರ, ಅದರಲ್ಲಿ ಸಂಶಯವಿಲ್ಲ. ಆದರೆ ನಾಲ್ಕು ವಾರಗಳ ಆ ಅಂತರಕ್ಕಿಂತ ಎರಡೂ ತಂಡಗಳು ಗದ್ದಲವನ್ನು ಎದುರಿಸಿದ ಬಗೆ ಹೆಚ್ಚು ಮುಖ್ಯವೆಂದು ನಾನು ಎಣಿಸುತ್ತೇನೆ. ಒಂದು ತಂಡ ಬಾಗಿಲನ್ನು ಕಿರಿದು ಮಾಡಿತು, ಇನ್ನೊಂದು ತಾಳ್ಮೆಯಿಂದ ಕೂಡಿಸಿತು. 1961ರಲ್ಲಿ ಶುಕ್ರಗ್ರಹದಿಂದ ರೇಡಾರು ಮಾರುದನಿ ಪಡೆದದ್ದೂ ಸೇರಿದಂತೆ ಮುಂದಿನ ರೇಡಾರು ಖಗೋಳವಿಜ್ಞಾನವೆಲ್ಲ ಈ ಎರಡು ಉಪಾಯಗಳ ಮೇಲೆಯೇ ನಿಂತಿದೆ. ಬಾಯ್ 1948ರಲ್ಲಿ ಹಂಗೇರಿಯನ್ನು ತೊರೆದು ಅಮೆರಿಕದಲ್ಲಿ ನೆಲೆಸಿದರು.

ಮಾರುದನಿ ಬಂತು ಎಂಬುದು ಖಚಿತವಾದ ಮೇಲೆ ಅದು ಹೇಗೆ ಬಂತು ಎಂದು ನೋಡುವ ಕೆಲಸ ಉಳಿದಿತ್ತು. ಡಯಾನಾ ಪ್ರಯೋಗದಲ್ಲೇ ಮಾರುದನಿ ಕೆಲವೊಮ್ಮೆ ಎದ್ದು ಕಾಣುತ್ತಿತ್ತು, ಕೆಲವೊಮ್ಮೆ ಕಾಣೆಯಾಗುತ್ತಿತ್ತು. ಇದನ್ನು ಮೊದಲಿಗೆ ವ್ಯವಸ್ಥಿತವಾಗಿ ಬೆನ್ನಟ್ಟಿದವರು ಆಸ್ಟ್ರೇಲಿಯಾದ ಫ್ರಾಂಕ್ ಕೆರ್ ಮತ್ತು ಅಲೆಕ್ಸ್ ಶೇನ್. 1947-48ರಲ್ಲಿ ಅವರು ವಿಕ್ಟೋರಿಯಾ ರಾಜ್ಯದ ಶೆಪರ್ಟನ್‌ನಲ್ಲಿದ್ದ ರೇಡಿಯೊ ಆಸ್ಟ್ರೇಲಿಯಾದ ಕಿರುತರಂಗ ಪ್ರಸಾರ ಕೇಂದ್ರವನ್ನು, ಪ್ರಸಾರವಿಲ್ಲದ ಹೊತ್ತಿನಲ್ಲಿ, 20 ಮೆಗಾಹರ್ಟ್ಸ್ ಆಸುಪಾಸಿನ ಕಂಪನಾಂಕದಲ್ಲಿ ಚಂದ್ರನತ್ತ ಬಳಸಿಕೊಂಡರು. ಮಾರುದನಿಯನ್ನು ಸುಮಾರು 600 ಕಿಲೋಮೀಟರ್ ದೂರದ, ಸಿಡ್ನಿಯ ಬಳಿಯ ಹಾರ್ನ್ಸ್‌ಬಿಯಲ್ಲಿ ಆಲಿಸಿದರು. ಆಂಟೆನಾ ಉತ್ತರ ಅಮೆರಿಕದ ಕೇಳುಗರತ್ತ ಮುಖ ಮಾಡಿ ನಿಂತದ್ದು, ಅದನ್ನು ತಿರುಗಿಸುವಂತಿರಲಿಲ್ಲ. ಚಂದ್ರನೇ ಅದರ ಎದುರಿಗೆ ಬರುವ ಕೆಲವೇ ದಿನಗಳಿಗಾಗಿ ಕಾಯಬೇಕಾಗಿತ್ತು.

ಅವರು ಎರಡು ಬಗೆಯ ಏರಿಳಿತಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು, ಸೆಕೆಂಡುಗಳಲ್ಲಿ ಆಗುವ ತ್ವರಿತ ಏರಿಳಿತ. ಚಂದ್ರ ನಮಗೆ ಸದಾ ಒಂದೇ ಮುಖ ತೋರಿಸುತ್ತಾನೆಂದು ಹೇಳುವುದು ರೂಢಿ. ವಾಸ್ತವದಲ್ಲಿ ಅವನು ಅತಿ ನಿಧಾನವಾಗಿ ತಲೆದೂಗುತ್ತಿರುವಂತೆ ನಮಗೆ ಕಾಣುತ್ತಾನೆ. ಅವನ ಮೈಯ ಬೇರೆ ಬೇರೆ ಜಾಗಗಳಿಂದ ಮರಳುವ ತರಂಗಗಳು ಈ ತೂಗಾಟದಿಂದ ಒಮ್ಮೆ ಒಂದಕ್ಕೊಂದು ಬಲ ಕೊಡುತ್ತವೆ, ಮರುಗಳಿಗೆಯಲ್ಲಿ ಒಂದನ್ನೊಂದು ಅಳಿಸುತ್ತವೆ. ಇದು ಚಂದ್ರನ ಕಾರಣದಿಂದಲೇ ಆದದ್ದು. ಇನ್ನೊಂದು, ನಿಮಿಷಗಟ್ಟಲೆ ಎಳೆಯುವ ನಿಧಾನದ ಏರಿಳಿತ. ಇದರ ಕಾರಣ ಭೂಮಿಯ ಅಯಾನುಗೋಳದಲ್ಲೇ ಇರಬೇಕೆಂದು ಅವರು ಊಹಿಸಿದರು, ಆದರೆ ಬಗೆಹರಿಸಲು ಆಗಲಿಲ್ಲ.

ಬಗೆಹರಿದದ್ದು 1954ರಲ್ಲಿ, ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ, ಮರ್ರೆ ಮತ್ತು ಹಾರ್ಗ್ರೀವ್ಸ್ ಎಂಬ ಇಬ್ಬರಿಂದ. ಆಂಟೆನಾದಿಂದ ಹೊರಡುವ ತರಂಗ ಒಂದು ನಿರ್ದಿಷ್ಟ ಸಮತಲದಲ್ಲಿ ಕಂಪಿಸುತ್ತದೆ. ಅದನ್ನು ಹಿಡಿಯುವ ಆಂಟೆನಾವೂ ಅದೇ ಸಮತಲದಲ್ಲಿರಬೇಕು. ಅಡ್ಡಲಾಗಿ ಕೊರೆದ ಅಂಚೆ ಪೆಟ್ಟಿಗೆಯ ಸೀಳಿನಲ್ಲಿ ಕಾಗದವನ್ನು ಅಡ್ಡಲಾಗಿಯೇ ಹಿಡಿದು ತೂರಿಸಬೇಕಷ್ಟೆ. ಭೂಮಿಯ ಕಾಂತಕ್ಷೇತ್ರದೊಳಗಿರುವ ಅಯಾನುಗೋಳವನ್ನು ಹಾಯುವಾಗ ತರಂಗದ ಈ ಸಮತಲ ತಿರುಚಿಕೊಳ್ಳುತ್ತದೆ. ಮರಳುವಾಗ ಆ ತಿರುಚು ಬಿಚ್ಚಿಕೊಳ್ಳುವುದಿಲ್ಲ, ಇಮ್ಮಡಿಯಾಗುತ್ತದೆ. ಬೆಳಕಿನಲ್ಲಿ ಮೈಕೆಲ್ ಫ್ಯಾರಡೆ ಕಂಡ ಪರಿಣಾಮವೇ ಇಲ್ಲಿ ರೇಡಿಯೊದಲ್ಲಿ ಕಾಣಿಸಿಕೊಂಡಿತು. ಕಾಗದ ಲಂಬವಾಗಿ ತಿರುಗಿ ಬಂದ ಹೊತ್ತಿನಲ್ಲಿ ಸೀಳು ಅದನ್ನು ಒಳಗೆ ಬಿಡುವುದಿಲ್ಲ. ಮಾರುದನಿ ಬಂದಿದ್ದರೂ ಕೇಳಿಸುವುದಿಲ್ಲ. ಇದನ್ನು ಅರಿತ ಮೇಲೆ ಅದೇ ತೊಡಕು ಅಳತೆಗೋಲಾಯಿತು. ಎಷ್ಟು ತಿರುಚಿದೆ ಎಂಬುದರಿಂದ ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಲೆಕ್ಕ ಹಾಕಬಹುದಾಯಿತು. ಕೆಳಗಿನಿಂದ ನೋಡುವ ಉಪಕರಣಗಳಿಗೆ ಎಂದೂ ಕಾಣದಿದ್ದ ಅಯಾನುಗೋಳದ ಮೇಲ್ಭಾಗವೂ ಈ ಲೆಕ್ಕದೊಳಗೆ ಬಂತು. ನ್ಯಾಶ್‌ವಿಲ್‌ನಲ್ಲಿ ಡಿವಿಟ್ 1940ರಲ್ಲಿ ಬಯಸಿದ್ದದ್ದೇ ಇದನ್ನು.

ಇಷ್ಟರ ನಡುವೆ ಚಂದ್ರನ ಮೂಲಕ ಸಂದೇಶ ಕಳುಹಿಸುವ ಯತ್ನಗಳೂ ನಡೆದಿದ್ದವು. 1951ರ ನವೆಂಬರಿನಲ್ಲಿ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಿಂದ ಕಾಲಿನ್ಸ್ ರೇಡಿಯೊ ಕಂಪನಿಯವರು 418 ಮೆಗಾಹರ್ಟ್ಸ್‌ನಲ್ಲಿ ಕಳುಹಿಸಿದ ನಿಧಾನಗತಿಯ ತಂತಿ ಸಂದೇಶವನ್ನು ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಓದಲಾಯಿತು. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ತನ್ನ ತಂತಿಯಲ್ಲಿ ಕಳುಹಿಸಿದ್ದ ಬೈಬಲಿನ ಸಾಲನ್ನೇ ಅವರು ಆರಿಸಿಕೊಂಡಿದ್ದರು. ಮಾತು ಕಳುಹಿಸುವುದು ಮಾತ್ರ ಆಗದ ಕೆಲಸ ಎಂಬ ಅಭಿಪ್ರಾಯ ಗಟ್ಟಿಯಾಗಿತ್ತು, ಅದಕ್ಕೆ ಕಾರಣವೂ ಇತ್ತು. ಚಂದ್ರ ಉಂಡೆಯಾಗಿದ್ದಾನೆ, ಅವನ ನಡುಭಾಗ ನಮಗೆ ಹತ್ತಿರ, ಅಂಚು 1,738 ಕಿಲೋಮೀಟರ್ ಹಿಂದೆ. ನಡುವಿನಿಂದ ಮರಳುವ ದನಿಗೂ ಅಂಚಿನಿಂದ ಮರಳುವ ದನಿಗೂ ಸುಮಾರು 11.6 ಮಿಲಿಸೆಕೆಂಡಿನ ಅಂತರವಿರುತ್ತದೆ. ಇಡೀ ಬಿಂಬದಿಂದ ಸಮನಾಗಿ ಮಾರುದನಿ ಬಂದರೆ ಮಾತಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಈ ಅಭಿಪ್ರಾಯ ತಪ್ಪೆಂದು ತೋರಿಸಿದವರು ಅಮೆರಿಕದ ನೌಕಾ ಸಂಶೋಧನಾಲಯದ ಜೇಮ್ಸ್ ಟ್ರೆಕ್ಸ್‌ಲರ್. ಅವರು ಹೊರಟದ್ದು ಗೂಢಚಾರಿಕೆಗಾಗಿ: ಸೋವಿಯತ್ ದೇಶದ ರೇಡಾರುಗಳ ತರಂಗಗಳು ಚಂದ್ರನಿಗೆ ತಾಗಿ ಮರಳುವಾಗ ಅವನ್ನು ಅಮೆರಿಕದಲ್ಲೇ ಕುಳಿತು ಕದ್ದಾಲಿಸಬಹುದೆಂಬುದು 1948ರಲ್ಲಿ ಅವರಿಗೆ ಹೊಳೆದ ಯೋಚನೆ. ಮೇರಿಲ್ಯಾಂಡಿನ ಸ್ಟಂಪ್ ನೆಕ್ ಎಂಬಲ್ಲಿ ನೆಲವನ್ನೇ ಬಟ್ಟಲಿನಂತೆ ತೋಡಿ, ಒಳಮೈಗೆ ಲೋಹದ ಬಲೆ ಹಾಸಿ, ಸುಮಾರು 80 ಮೀಟರ್ ಉದ್ದ 67 ಮೀಟರ್ ಅಗಲದ ಪ್ರತಿಫಲಕವನ್ನು ಮಾಡಿದರು. 1951ರ ಅಕ್ಟೋಬರಿನಲ್ಲಿ ಮೊದಲ ಮಾರುದನಿ ಬಂದಾಗ ಅದು ಎಣಿಸಿದ್ದಕ್ಕಿಂತ ಎಷ್ಟೋ ಸ್ಪಷ್ಟವಾಗಿತ್ತು. ಕಾರಣವನ್ನು ಹುಡುಕಿದಾಗ ತಿಳಿದದ್ದು ಹೀಗೆ. ಹುಣ್ಣಿಮೆಯ ಚಂದ್ರ ನಮ್ಮ ಕಣ್ಣಿಗೆ ಅಂಚಿನವರೆಗೂ ಹೆಚ್ಚುಕಡಿಮೆ ಒಂದೇ ಸಮನೆ ಬೆಳಗುವ ತಟ್ಟೆಯಂತೆ ಕಾಣುತ್ತಾನೆ, ಏಕೆಂದರೆ ಬೆಳಕಿನ ಅತಿ ಸಣ್ಣ ಅಲೆಗಳಿಗೆ ಅವನ ಮೈ ಒರಟು. ಮೀಟರಿನಷ್ಟು ಉದ್ದದ ರೇಡಿಯೊ ಅಲೆಗಳಿಗೆ ಅದೇ ಮೈ ಸಾಕಷ್ಟು ನಯ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ತಂಬಿಗೆಯನ್ನು ದೀಪದೆದುರು ಹಿಡಿದರೆ ಅದರ ಉಬ್ಬಿನ ಮೇಲೆ ಒಂದೇ ಕಡೆ ಹೊಳಪು ಕಾಣುವಂತೆ, ರೇಡಿಯೊದಲ್ಲಿ ಚಂದ್ರನ ನಡುವಿನ ಸಣ್ಣ ಭಾಗವೇ ಬಹುಪಾಲು ಮಾರುದನಿಯನ್ನು ಮರಳಿಸುತ್ತದೆ. ತಡವಾಗಿ ಬರುವ ಅಂಚಿನ ದನಿ ತೀರ ಕ್ಷೀಣ. ಮಾತು ಕಲಸಿಹೋಗಬೇಕಿಲ್ಲ. 1954ರ ಜುಲೈ 24ರಂದು ಟ್ರೆಕ್ಸ್‌ಲರ್ ಮೈಕಿನಲ್ಲಿ ಮಾತನಾಡಿದರು. ಎರಡೂವರೆ ಸೆಕೆಂಡುಗಳ ನಂತರ ತಮ್ಮದೇ ದನಿಯನ್ನು ಕೇಳಿದರು. ಚಂದ್ರನವರೆಗೆ ಹೋಗಿ ಮರಳಿದ ಮೊದಲ ಮನುಷ್ಯ ಕಂಠ ಅದು.

ಅಲ್ಲಿಂದ ಮುಂದೆ ಉಪಯೋಗದ ಕಾಲ. ಸೂರ್ಯನ ಕ್ಷೋಭೆಯಿಂದ ಅಯಾನುಗೋಳ ಕದಡಿದಾಗಲೆಲ್ಲ ನೌಕಾಪಡೆಯ ಕಿರುತರಂಗ ಸಂಪರ್ಕ ಕಡಿದುಹೋಗುತ್ತಿತ್ತು. ಚಂದ್ರನ ದಾರಿಗೆ ಆ ಭಯವಿರಲಿಲ್ಲ. 1955ರ ನವೆಂಬರಿನಲ್ಲಿ ಸ್ಟಂಪ್ ನೆಕ್‌ನಿಂದ ಸ್ಯಾನ್ ಡಿಯಾಗೊಗೆ, 1956ರ ಜನವರಿಯಲ್ಲಿ ಹವಾಯಿಗೆ ಟೆಲಿಪ್ರಿಂಟರ್ ಸಂದೇಶಗಳು ಚಂದ್ರನ ಮೂಲಕ ಹೋದವು. ಅನಂತರ ಮೇರಿಲ್ಯಾಂಡಿಗೂ ಹವಾಯಿಗೂ ನಡುವೆ ಕಾಯಂ ವ್ಯವಸ್ಥೆಯೇ ಏರ್ಪಟ್ಟಿತು. ಹವಾಯಿಯ ಕಡೆಯ ಟ್ರಾನ್ಸ್‌ಮಿಟರು ಇದ್ದದ್ದು ಓಪಾನಾದಲ್ಲಿ. 1941ರ ಡಿಸೆಂಬರ್ 7ರ ಬೆಳಗ್ಗೆ ಪರ್ಲ್ ಹಾರ್ಬರಿನತ್ತ ಬರುತ್ತಿದ್ದ ಜಪಾನಿ ವಿಮಾನಗಳನ್ನು ರೇಡಾರು ಕಂಡಿದ್ದದ್ದು ಇದೇ ಓಪಾನಾದಲ್ಲಿ. ಆ ರೇಡಾರು ಎಸ್.ಸಿ.ಆರ್.-270, ಡಯಾನಾ ಯೋಜನೆಗೆ ಆಂಟೆನಾ ಕೊಟ್ಟ 271ರ ಒಡಹುಟ್ಟು. 1960ರ ಜನವರಿಯ ಸಾರ್ವಜನಿಕ ಪ್ರದರ್ಶನದಲ್ಲಿ ಹ್ಯಾನ್ಕಾಕ್ ಎಂಬ ವಿಮಾನವಾಹಕ ನೌಕೆಯ ಅಟ್ಟದ ಮೇಲೆ ನಾವಿಕರು ಸಾಲುಗಟ್ಟಿ ನಿಂತು ‘ಮೂನ್ ರಿಲೇ’ ಎಂಬ ಅಕ್ಷರಗಳನ್ನು ರಚಿಸಿದ ಚಿತ್ರ ಚಂದ್ರನ ಮೂಲಕ ಬಂದಿಳಿಯಿತು. ಅದಕ್ಕೂ ಮುನ್ನ, 1959ರ ಜೂನ್ 6ರಂದು, ಕೆನಡಾದ ಪ್ರಿನ್ಸ್ ಆಲ್ಬರ್ಟ್‌ನಲ್ಲಿ ರೇಡಾರು ಪ್ರಯೋಗಾಲಯದ ಉದ್ಘಾಟನೆಯಂದು ಅಧ್ಯಕ್ಷ ಐಸೆನ್‌ಹೋವರ್ ಅವರ ದನಿ ಮ್ಯಾಸಚೂಸೆಟ್ಸ್‌ನಿಂದ ಹೊರಟು ಚಂದ್ರನನ್ನು ಮುಟ್ಟಿ ಪ್ರಧಾನಿ ಡೀಫೆನ್‌ಬೇಕರ್ ಅವರನ್ನು ತಲುಪಿತ್ತು. ಎರಡೂ ಊರುಗಳಿಗೆ ಚಂದ್ರ ಒಟ್ಟಿಗೆ ಕಾಣುವ ಹೊತ್ತಿನಲ್ಲಿ ಮಾತ್ರ ಈ ದಾರಿ ತೆರೆದಿರುತ್ತಿತ್ತು. 1960ರ ಆಗಸ್ಟಿನಲ್ಲಿ ಎಕೋ ಬಲೂನು, 1962ರ ಜುಲೈಯಲ್ಲಿ ಟೆಲ್‌ಸ್ಟಾರ್ ಮೇಲೇರಿದ ಮೇಲೆ ಕೃತಕ ಉಪಗ್ರಹಗಳು ಈ ಕೆಲಸವನ್ನು ವಹಿಸಿಕೊಂಡವು.

ಸೈನ್ಯ ಕೈಬಿಟ್ಟ ಚಂದ್ರನನ್ನು ಹವ್ಯಾಸಿಗಳು ಬಿಡಲಿಲ್ಲ. 1953ರ ಜನವರಿಯಲ್ಲೇ ರಾಸ್ ಬೇಟ್‌ಮನ್ ಮತ್ತು ವಿಲಿಯಂ ಸ್ಮಿತ್ ಎಂಬ ಇಬ್ಬರು ಅಮೆರಿಕದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, 144 ಮೆಗಾಹರ್ಟ್ಸ್‌ನಲ್ಲಿ ತಮ್ಮ ಮಾರುದನಿಯನ್ನು ಗುರುತಿಸಿದ್ದರು. 1960ರ ಜುಲೈಯಲ್ಲಿ ಮ್ಯಾಸಚೂಸೆಟ್ಸ್‌ನ ಡಬ್ಲ್ಯೂ1ಬಿಯು ಮತ್ತು ಕ್ಯಾಲಿಫೋರ್ನಿಯಾದ ಡಬ್ಲ್ಯೂ6ಎಚ್‌ಬಿ ಎಂಬ ಕರೆಹೆಸರುಗಳಿಂದ (ಕೇಂದ್ರವನ್ನು ಗುರುತಿಸುವ ಸಂಕೇತಗಳಿಂದ) ಕರೆಯಲಾಗುತ್ತಿದ್ದ ಎರಡು ಹವ್ಯಾಸಿ ಸಂಘಗಳ ಕೇಂದ್ರಗಳು 1296 ಮೆಗಾಹರ್ಟ್ಸ್‌ನಲ್ಲಿ ಚಂದ್ರನ ಮೂಲಕ ಪರಸ್ಪರ ಕೇಳಿ ಉತ್ತರಿಸಿದವು. 1964ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ಮತ್ತು ಕ್ಯಾಲಿಫೋರ್ನಿಯಾದ ಇಬ್ಬರು 144 ಮೆಗಾಹರ್ಟ್ಸ್‌ನಲ್ಲಿ ಸಂಪರ್ಕ ಸಾಧಿಸಿದರು. ಅದೇ ಬೇಸಿಗೆಯಲ್ಲಿ ಪೋರ್ಟೊ ರಿಕೊದ ಅರೆಸಿಬೊದ 305 ಮೀಟರಿನ ಹೊಸ ಬಟ್ಟಲು ಹ್ಯಾಮ್‌ಗಳಿಗೆ ಕೆಲವು ಹೊತ್ತು ದೊರೆತಾಗ, ಮನೆಯಂಗಳದ ಸಾಧಾರಣ ಆಂಟೆನಾ ಇದ್ದ ಹಲವರೂ ಚಂದ್ರನಿಂದ ಬರುವ ದನಿಯನ್ನು ಮೊದಲ ಬಾರಿಗೆ ಕೇಳಿದರು.

ಇವರ ನಡುವೆ ಕ್ರಮೇಣ ರೂಢಿಗೆ ಬಂದ ಒಂದು ವರದಿ ಪದ್ಧತಿಯಲ್ಲಿ ಮೂರೇ ಅಕ್ಷರಗಳಿವೆ. ದನಿ ಇದೆಯೆಂದಷ್ಟೇ ತಿಳಿದರೆ ಟಿ. ಕರೆಹೆಸರಿನ ತುಣುಕುಗಳು ಕೇಳಿಸಿದರೆ ಎಂ. ಎರಡೂ ಕರೆಹೆಸರುಗಳು ಪೂರ್ಣ ಕೇಳಿಸಿದರೆ ಓ. ಮೋರ್ಸ್ ಲಿಪಿಯಲ್ಲಿ ಟಿ ಎಂದರೆ ಒಂದು ಗೆರೆ, ಎಂ ಎಂದರೆ ಎರಡು, ಓ ಎಂದರೆ ಮೂರು; ಒಂದರಲ್ಲೂ ಚುಕ್ಕಿಯಿಲ್ಲ. ಚುಕ್ಕಿ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಉದ್ದನೆಯ ಗೆರೆಯನ್ನು ಕಿವಿ ಹಿಡಿದುಕೊಳ್ಳುತ್ತದೆ. ಡಯಾನಾ ತಂಡ ಕಾಲು ಸೆಕೆಂಡಿನ ಮಿಡಿತವನ್ನು ಆರಿಸಿಕೊಂಡದ್ದಕ್ಕೆ ಇದ್ದ ಕಾರಣವೇ ಇದಕ್ಕೂ ಕಾರಣ. ಒಂದೋ ಎರಡೋ ನಿಮಿಷ ಆ ಗೆರೆಗಳನ್ನೇ ಮತ್ತೆ ಮತ್ತೆ ಕಳುಹಿಸಿ, ಅಷ್ಟೇ ಹೊತ್ತು ಸುಮ್ಮನಿದ್ದು ಆಲಿಸಿ, ಮತ್ತೆ ಕಳುಹಿಸಿ, ಮತ್ತೆ ಆಲಿಸಿ, ಮೂರು ಉದ್ದ ಗೆರೆಗಳು ಆ ಕಡೆಯಿಂದ ಬರುವವರೆಗೆ ಅವರು ಕಾಯುತ್ತಾರೆ.